ಹಳದಿಗೆ ತಿರುಗುವ ಬಿಲ್ಲೆ: ಮನೆಯೊಳಗಿನ ಫಾರ್ಮಾಲ್ಡಿಹೈಡ್ ಅಳೆಯಲು ಸಿಲಿಕಾ ಜೆಲ್ ಬ್ಯಾಡ್ಜ್

ಹೊಸ ವಾರ್ಡ್‌ರೋಬ್ ಬಾಗಿಲು ತೆಗೆದರೆ ಮೂಗಿಗೆ ಖಾರ ಹೊಡೆಯುತ್ತದೆ, ಕಣ್ಣು ಸ್ವಲ್ಪ ಉರಿಯುತ್ತದೆ. ಹೊಸ ಮರದ ವಾಸನೆ ಅಂತ ಹೇಳಿ ಸುಮ್ಮನಾಗುತ್ತೇವೆ. ಆದರೆ ಅದು ಮರದ್ದಲ್ಲ, ಅಂಟಿನದು. ಎಂಆರ್ ಗ್ರೇಡ್ (ತೇವ ತಡೆಯುವ ಸಾಮಾನ್ಯ ದರ್ಜೆ) ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳಿಗೆ ಹೆಚ್ಚಾಗಿ ಬಳಸುವುದು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ತೇವ ಮತ್ತು ಸೆಖೆ ತಾಗಿದರೆ ಅದು ನಿಧಾನಕ್ಕೆ ಒಡೆದು ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತದೆ. ಒಂದೆರಡು ವಾರಕ್ಕೆ ಮುಗಿಯುವ ಕಥೆ ಇದಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಕುದಿನೀರಿಗೂ ಜಗ್ಗದ ಬಿಡಬ್ಲ್ಯೂಪಿ ಗ್ರೇಡ್‌ನಲ್ಲಿರುವ ಫೀನಾಲ್-ಫಾರ್ಮಾಲ್ಡಿಹೈಡ್ ಅಂಟು ಇದಕ್ಕಿಂತ ಬಹಳ ಕಡಿಮೆ ಬಿಡುತ್ತದೆ, ಆದರೆ ದುಡ್ಡು ಜಾಸ್ತಿ. ಹಾಗಾಗಿ ಮಲಗುವ ಕೋಣೆಗೆ ಸಾಮಾನ್ಯವಾಗಿ ಬರುವುದು ಎಂಆರ್ ಗ್ರೇಡೇ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಒಂದು ಮಿತಿ ಹೇಳಿತು: ಒಂದು ಘನ ಮೀಟರ್‌ಗೆ 0.1 ಮಿಲಿಗ್ರಾಂ, ಅರ್ಧ ಗಂಟೆಯ ಸರಾಸರಿ. ಅಂದರೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 80. ಇಷ್ಟು ಸಣ್ಣ ಪಾಲನ್ನು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ, ನಂಬುವ ಹಾಗೆ ಅಳೆಯಬಹುದಾ? ಅದನ್ನು ನೋಡಲು ಕಟ್ಟಿದ ಸಾಧನದ ವಿವರ ಇಲ್ಲಿದೆ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮೀಟರ್ ಸಾಲದಾ ಅಂತ ಕೇಳುವವರಿದ್ದಾರೆ. ನನ್ನ ಹತ್ತಿರವೂ ಅಂಥದ್ದೊಂದಿದೆ. ಪಕ್ಕದಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡರೆ ಅದರ ಅಂಕಿ ಏರುತ್ತದೆ. ಕಿತ್ತಳೆ ಸಿಪ್ಪೆ ಸುಲಿದರೂ ಏರುತ್ತದೆ. ಒಗ್ಗರಣೆ ಹಾಕಿದರಂತೂ ಕೇಳುವುದೇ ಬೇಡ. ಒಳಗಿರುವ ಸೆನ್ಸರ್‌ಗೆ ಆಲ್ಕೋಹಾಲ್ ಯಾವುದು, ಫಾರ್ಮಾಲ್ಡಿಹೈಡ್ ಯಾವುದು ಅಂತ ಗೊತ್ತಾಗುವುದಿಲ್ಲ. ಬಂದದ್ದನ್ನೆಲ್ಲ ಒಟ್ಟು ಸೇರಿಸಿ ಒಂದು ಅಂಕಿ ತೋರಿಸುತ್ತದೆ. ಮಗು ಮಲಗುವ ಕೋಣೆ ವಾಸಕ್ಕೆ ಸರಿಯಿದೆಯಾ ಅಂತ ಆ ಅಂಕಿ ನೋಡಿ ತೀರ್ಮಾನ ಮಾಡಬಾರದು.

ಹಾಗಾಗಿ ಬೇರೆ ದಾರಿ ಹಿಡಿದೆ. ಗಾಳಿಯಲ್ಲಿ ಇರುವುದು ಕಡಿಮೆಯಾದರೆ ಅದನ್ನು ಒಂದೇ ಕಡೆ ಕೂಡಿಡಬೇಕು. ಕೂಡಿಡಲು ಜಾಗ ಬೇಕು. ಜಾಗ ಕೊಡುವುದು ತೂತುಗಳಿರುವ ವಸ್ತು. ಲ್ಯಾಬ್‌ನಲ್ಲಿ ರಾಸಾಯನಿಕಗಳನ್ನು ಬೇರ್ಪಡಿಸಲು (ಕಾಲಮ್ ಕ್ರೊಮಟೋಗ್ರಫಿ) ಬಳಸುವ ಸಿಲಿಕಾ ಜೆಲ್ ಒಂದು ಗ್ರಾಂ ತೆಗೆದುಕೊಂಡರೆ ಅದರ ಒಳಮೈ ಸುಮಾರು 500 ಚದರ ಮೀಟರ್. ನಮ್ಮ 30×40 ಸೈಟು ನಾಲ್ಕೂವರೆಯಷ್ಟು ಜಾಗ ಒಂದು ಚಿಟಿಕೆ ಪುಡಿಯೊಳಗೆ! ಆ ಒಳಮೈಗೆ ಫಾರ್ಮಾಲ್ಡಿಹೈಡ್ ಜೊತೆ ಮಾತ್ರ ಬಣ್ಣ ಕೊಡುವ ರಾಸಾಯನಿಕ ಸವರಿದರೆ, ಕೂಡಿಡುವ ಕೆಲಸ ಮತ್ತು ಗುರುತಿಸುವ ಕೆಲಸ ಎರಡೂ ಒಂದೇ ಕಡೆ ಆಗುತ್ತವೆ. ಇಡೀ ಸಾಧನದ ತಿರುಳು ಇದೇ. ಉಳಿದದ್ದೆಲ್ಲ ಇದಕ್ಕೆ ಸೇವೆ.

ಯಾವ ತೂತು?

ಮೊದಲು ಕೈಗೆ ಬಂದದ್ದು ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಇದ್ದಿಲು. ಒಳಮೈ ಲೆಕ್ಕದಲ್ಲಿ ಅದು ಸಿಲಿಕಾಗಿಂತ ಮುಂದೆ, ಗ್ರಾಂಗೆ ಸುಮಾರು 1000 ಚದರ ಮೀಟರ್. ತೂತುಗಳು ಹೆಚ್ಚಿನವು 2 ನ್ಯಾನೋಮೀಟರ್‌ಗಿಂತ ಸಣ್ಣವು. ಬೆಂಜೀನ್, ಟೊಲ್ವೀನ್ ಹಿಡಿಯಲು ಇದು ಬಹಳ ಒಳ್ಳೆಯದು. ಕಾರ್ಖಾನೆಗಳಲ್ಲಿ ಗಾಳಿ ಪರೀಕ್ಷೆಗೆ ಇಂದಿಗೂ ಇದೇ ಇದ್ದಿಲು ತುಂಬಿದ ಗಾಜಿನ ಕೊಳವೆ ಬಳಸುತ್ತಾರೆ. ಮುಂದೆ 100 ಮಿಲಿಗ್ರಾಂ, ಹಿಂದೆ 50 ಮಿಲಿಗ್ರಾಂ. ಹಿಂದಿನ ಭಾಗದಲ್ಲೂ ಅನಿಲ ಸಿಕ್ಕರೆ ಮುಂದಿನದು ತುಂಬಿ ಹರಿದಿದೆ ಅಂತ ಅರ್ಥ.

ಆದರೆ ಫಾರ್ಮಾಲ್ಡಿಹೈಡ್ ತೀರ ಹಗುರ, ಅದರ ಕುದಿಬಿಂದು ಮೈನಸ್ 19 ಡಿಗ್ರಿ. ಸಾದಾ ಇದ್ದಿಲಿಗೆ ಅದು ಅಂಟಿಕೊಂಡು ಕೂರುವುದಿಲ್ಲ. ವಾರ್ಡ್‌ರೋಬ್‌ನಲ್ಲಿ ಇದ್ದಿಲಿನ ಚೀಲ ನೇತುಹಾಕಿ ನೆಮ್ಮದಿಯಾಗಿರುವವರಿಗೆ ಇದನ್ನು ಒತ್ತಿ ಹೇಳಬೇಕು: ಆ ಚೀಲ ಬೇರೆ ವಾಸನೆ ಹೀರಬಹುದು, ಫಾರ್ಮಾಲ್ಡಿಹೈಡ್‌ಗೆ ಅದು ಉಪಾಯವಲ್ಲ. ಮೇಲಾಗಿ ಇದ್ದಿಲು ಕಪ್ಪು, ಅದರ ಮೇಲೆ ಯಾವ ಬಣ್ಣವೂ ಕಾಣದು.

ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಮಣಿಗಳನ್ನೂ ನೋಡಿದೆ. ಅವುಗಳ ತೂತು 2ರಿಂದ 3 ನ್ಯಾನೋಮೀಟರ್, ಮಣಿ ದಪ್ಪ. ಹೊರಗಿನ ಅನಿಲ ಮಣಿಯ ನಡುವಿಗೆ ಹೋಗಿ ಸೇರಲು ಬಹಳ ಹೊತ್ತು ಬೇಕು. ಬಣ್ಣ ಬಂದರೂ ಹೊರ ಸಿಪ್ಪೆಯಲ್ಲಿ ಮಾತ್ರ ಬರುತ್ತದೆ. ನೀಲಿ ಮಣಿಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದನ್ನು ಮುಟ್ಟಲೇ ಬೇಡಿ.

ಕೊನೆಗೆ ನಿಂತದ್ದು ಟಿಎಲ್‌ಸಿ, ಅಂದರೆ ತೆಳು ಪದರದ ಕ್ರೊಮಟೋಗ್ರಫಿ ಹಾಳೆ. ಕಾಲೇಜು ಲ್ಯಾಬ್‌ನಲ್ಲಿ ಎಲೆಯ ಬಣ್ಣ ಬೇರ್ಪಡಿಸಿದವರಿಗೆ ನೆನಪಿರಬಹುದು. ಅಲ್ಯೂಮಿನಿಯಂ ಹಾಳೆಯ ಮೇಲೆ 0.2 ಮಿಲಿಮೀಟರ್ ದಪ್ಪ ಸಿಲಿಕಾ ಪದರ, ತೂತು 6 ನ್ಯಾನೋಮೀಟರ್. ಪದರ ತೆಳ್ಳಗಿರುವುದರಿಂದ ಅನಿಲ ಬೇಗ ಒಳಹೋಗುತ್ತದೆ. ತೂತು ಅಷ್ಟು ಅಗಲ ಇರುವುದರಿಂದ ಒಳಗೆ ಹುಟ್ಟುವ ಹಳದಿ ಅಣುವಿಗೂ ಜಾಗ ಸಾಕು. ಹಾಳೆಯ ಉದ್ದಗಲಕ್ಕೂ ಪದರ ಒಂದೇ ಸಮ, ಮನೆಯಲ್ಲಿ ನಾವೇ ಬಳಿದರೆ ಇಷ್ಟು ಸಮ ಬರುವುದಿಲ್ಲ. ಚರ್ಮಕ್ಕೆ ತೂತು ಹೊಡೆಯುವ ಪಂಚ್ ತಗೊಂಡು ಇದರಿಂದ ಬಿಲ್ಲೆಗಳನ್ನು ಹೊಡೆದೆ. ಒಂದು ಚದರ ಸೆಂಟಿಮೀಟರ್ ಬಿಲ್ಲೆಯಲ್ಲಿ ಸಿಲಿಕಾ ಸುಮಾರು 10 ಮಿಲಿಗ್ರಾಂ, ಒಳಮೈ 5 ಚದರ ಮೀಟರ್. ಹಾಳೆ ಕೊಳ್ಳುವಾಗ ಫ್ಲೋರೊಸೆಂಟ್ ಪುಡಿ ಬೆರೆಸದ ಬಗೆಯನ್ನೇ ಕೇಳಿ ತಗೊಳ್ಳಿ.

ಬಣ್ಣ ಕೊಡುವ ರಾಸಾಯನಿಕ

ನ್ಯಾಶ್ ಅನ್ನುವವರು 1953ರಲ್ಲಿ ತೋರಿಸಿಕೊಟ್ಟ ಪರೀಕ್ಷೆ ಇದೆ. ಅಸಿಟೈಲ್ ಅಸಿಟೋನ್ ಮತ್ತು ಅಮೋನಿಯಂ ಅಸಿಟೇಟ್ ಸೇರಿದ ದ್ರಾವಣಕ್ಕೆ ಫಾರ್ಮಾಲ್ಡಿಹೈಡ್ ಬಿದ್ದರೆ ಹಳದಿ ಬಣ್ಣದ ಅಣು ಹುಟ್ಟುತ್ತದೆ. ಅದು 412 ನ್ಯಾನೋಮೀಟರ್ ಹತ್ತಿರದ ನೇರಳೆ ಬೆಳಕನ್ನು ಹೀರುತ್ತದೆ. ಆಲ್ಕೋಹಾಲ್ ಇದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಅಸಿಟಾಲ್ಡಿಹೈಡ್ ಪ್ರತಿಕ್ರಿಯಿಸಿದರೂ ಬಹಳ ನಿಧಾನ. ನಮಗೆ ಬೇಕಾದ ಆಯ್ಕೆಯ ಗುಣ ಇಲ್ಲಿದೆ.

ತೊಂದರೆ ಏನೆಂದರೆ ಅಸಿಟೈಲ್ ಅಸಿಟೋನ್ ಆವಿಯಾಗುವ ದ್ರವ. ಬಾಟಲಿಯಲ್ಲಿ ಸರಿ, ತೆಳು ಪದರದ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಹಾರಿಹೋಗುತ್ತದೆ. ಜಪಾನಿನ ದೂರಸಂಪರ್ಕ ಕಂಪನಿ ಎನ್‌ಟಿಟಿಯ ಸಂಶೋಧಕರು ತೂತುಗಳಿರುವ ಗಾಜಿನೊಳಗೆ ಇದೇ ಜಾತಿಯ ಬೀಟಾ-ಡೈಕೀಟೋನ್ ತುಂಬಿ ಫಾರ್ಮಾಲ್ಡಿಹೈಡ್ ಸೆನ್ಸರ್ ಮಾಡಿದ್ದಾರೆ. ಆ ಸುಳಿವು ಹಿಡಿದು ಬೆಂಜಾಯಿಲ್ ಅಸಿಟೋನ್‌ಗೆ ಬಂದೆ. ಇದು ಕೋಣೆಯ ಉಷ್ಣತೆಯಲ್ಲಿ ಗಟ್ಟಿ ಹರಳು, ಹಾಗಾಗಿ ಬಿಲ್ಲೆಯಲ್ಲೇ ಕೂತಿರುತ್ತದೆ.

ನಾನು ಬಳಸಿದ ಪಾಕ: ಬೆಂಜಾಯಿಲ್ ಅಸಿಟೋನ್ 0.2 ಗ್ರಾಂ, ಅಮೋನಿಯಂ ಅಸಿಟೇಟ್ 2 ಗ್ರಾಂ, ಅಸಿಟಿಕ್ ಆಮ್ಲ ಕೆಲವು ಹನಿ. ಇದನ್ನು ಎರಡು ಪಾಲು ಐಪಿಎ, ಒಂದು ಪಾಲು ನೀರಿನಲ್ಲಿ ಕರಗಿಸಿ ಒಟ್ಟು 20 ಮಿಲಿಲೀಟರ್ ಮಾಡಬೇಕು. ಐಪಿಎ ಅಂದರೆ ಸರ್ಕ್ಯೂಟ್ ಬೋರ್ಡ್ ತೊಳೆಯುವ ಅದೇ ಆಲ್ಕೋಹಾಲ್, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಬೆಂಕಿಯಿಂದ ದೂರ ಇಡಿ, ಕೈಗವಸು ಹಾಕಿಕೊಳ್ಳಿ. ಉಳಿದ ರಾಸಾಯನಿಕ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ದೊರೆತವು.

ಒಂದು ಬಿಲ್ಲೆಗೆ 15 ಮೈಕ್ರೋಲೀಟರ್ ಸಾಕು, ಪದರ ಅಷ್ಟನ್ನೇ ಕುಡಿಯುತ್ತದೆ. ಇನ್ಸುಲಿನ್ ಸಿರಿಂಜ್ ಬಳಸಬಹುದಲ್ವಾ ಅನ್ನಿಸಬಹುದು. ಯು-40 ಸಿರಿಂಜಿನ ಒಂದು ಗೆರೆಯೇ 25 ಮೈಕ್ರೋಲೀಟರ್, ಹೊರಗೆ ಚೆಲ್ಲುತ್ತದೆ. ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಗೆಳೆಯರ ಮೈಕ್ರೋಪಿಪೆಟ್ ಎರವಲು ತಂದೆ. ಹನಿ ಬಿಟ್ಟ ಮೇಲೆ ಮುಚ್ಚಿದ ಡಬ್ಬಿಯೊಳಗೆ ಒಣಗಲು ಬಿಡಬೇಕು. ಅಡುಗೆಮನೆಯಲ್ಲಾಗಲಿ, ಹೊಸ ಪೀಠೋಪಕರಣ ಇರುವ ಕೋಣೆಯಲ್ಲಾಗಲಿ ಒಣಗಿಸಬೇಡಿ. ಅಳತೆಗೆ ಮುಂಚೆಯೇ ಬಿಲ್ಲೆ ಅಲ್ಲಿನ ಗಾಳಿ ಕುಡಿದುಬಿಡುತ್ತದೆ.

ಶೀಶೆ ಮತ್ತು ಗಾಳಿಯ ಕಂಬ

ಪಂಪ್ ಇಲ್ಲದೆ ಎಷ್ಟು ಗಾಳಿ ಬಿಲ್ಲೆಗೆ ತಲುಪಿತು ಅಂತ ಹೇಗೆ ಗೊತ್ತಾಗಬೇಕು? ಇಲ್ಲಿ ನನಗೆ ತುಂಬಾ ಹಿಡಿಸಿದ ಲೆಕ್ಕವೊಂದಿದೆ. ಬಿಲ್ಲೆಯನ್ನು ಸಣ್ಣ ಗಾಜಿನ ಶೀಶೆಯ ತಳದಲ್ಲಿಟ್ಟರೆ, ಅನಿಲ ಬಾಯಿಯಿಂದ ತಳಕ್ಕೆ ಅಲುಗದ ಗಾಳಿಯ ಮೂಲಕ ತಾನೇ ಹರಡಿಕೊಂಡು ಇಳಿಯಬೇಕು. ಹೀಗೆ ಹರಡುವುದರ ಗುಣಾಂಕ ಫಾರ್ಮಾಲ್ಡಿಹೈಡ್‌ಗೆ 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 0.16 ಚದರ ಸೆಂಟಿಮೀಟರ್. ಬಾಯಿಯ ವಿಸ್ತೀರ್ಣ 1 ಚದರ ಸೆಂಟಿಮೀಟರ್, ಗಾಳಿಯ ಕಂಬದ ಎತ್ತರ 1 ಸೆಂಟಿಮೀಟರ್ ಇಟ್ಟುಕೊಂಡರೆ ಬಿಲ್ಲೆ ನಿಮಿಷಕ್ಕೆ 9.6 ಮಿಲಿಲೀಟರ್ ಗಾಳಿಯನ್ನು ಸೋಸಿದಂತೆ. ದಿನಕ್ಕೆ 13.8 ಲೀಟರ್. ಮಿತಿಯಷ್ಟು ಫಾರ್ಮಾಲ್ಡಿಹೈಡ್ ಇರುವ ಕೋಣೆಯಲ್ಲಿ ಒಂದು ದಿನಕ್ಕೆ ಸಿಗುವುದು 1.4 ಮೈಕ್ರೋಗ್ರಾಂ. ಕರೆಂಟ್ ಬೇಡ, ಸದ್ದಿಲ್ಲ, ತೂಕವಿಲ್ಲ. ಬಿಲ್ಲೆಯಲ್ಲಿರುವ ಬೆಂಜಾಯಿಲ್ ಅಸಿಟೋನ್‌ನಲ್ಲಿ ಇದಕ್ಕೆ ಖರ್ಚಾಗುವುದು ಹತ್ತರಲ್ಲೊಂದು ಪಾಲು ಮಾತ್ರ, ಹಾಗಾಗಿ ಒಂದೆರಡು ದಿನ ಇಟ್ಟರೂ ಚಿಂತೆಯಿಲ್ಲ.

ಆದರೆ ಕಂಬದ ಗಾಳಿ ಅಲುಗಬಾರದು. ನಮ್ಮ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಹಗಲೂ ರಾತ್ರಿ ತಿರುಗುತ್ತದೆ. ಫ್ಯಾನ್ ಗಾಳಿ ಶೀಶೆಯೊಳಗೆ ನುಗ್ಗಿದರೆ ಕಂಬ ಗಿಡ್ಡವಾದಂತೆ, ಬಿಲ್ಲೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದಕ್ಕೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಎಳೆದು ಬಾಯಿಗೆ ಒಂದು ಪದರ ಬಿಗಿದೆ. ಎಳೆದ ಟೆಫ್ಲಾನ್ ಟೇಪಿನಲ್ಲೂ ಕಣ್ಣಿಗೆ ಕಾಣದ ತೂತುಗಳಿವೆ. ಗಾಳಿಯ ಹೊಡೆತ ಅಲ್ಲೇ ನಿಲ್ಲುತ್ತದೆ, ಅನಿಲ ಮಾತ್ರ ದಾಟುತ್ತದೆ. ಅಕ್ಕಪಕ್ಕದಲ್ಲಿ ಟೇಪ್ ಇರುವ ಮತ್ತು ಇಲ್ಲದ ಶೀಶೆ ಇಟ್ಟು ನೋಡಿದರೆ, ಫ್ಯಾನ್ ಕೆಳಗೆ ಟೇಪ್ ಇಲ್ಲದ್ದು ಎದ್ದು ಕಾಣುವಷ್ಟು ಹೆಚ್ಚು ಹಳದಿಯಾಯಿತು. ಫ್ಯಾನ್ ನಿಲ್ಲಿಸಿದಾಗ ಎರಡೂ ಹತ್ತಿರ ಬಂದವು.

ಶೀಶೆಯ ಸುತ್ತ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಹುಟ್ಟಿದ ಹಳದಿ ಬಿಸಿಲಿಗೆ ಮಾಸುತ್ತದೆ.

ಬಣ್ಣ ಓದುವ ಪೆಟ್ಟಿಗೆ

ಕಣ್ಣಿಗೆ ತಿಳಿ ಹಳದಿಯ ಅಂದಾಜು ಸಿಗದು. ಮೊಬೈಲ್ ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಲು ಹೋಗಿ ಅಳತೆ ಕೆಡಿಸುತ್ತದೆ. ಹಾಗಾಗಿ ಎಎಸ್7341 ಸೆನ್ಸರ್ ತಗೊಂಡೆ. ಇದರಲ್ಲಿ 415, 445, 480, 515 ಹೀಗೆ 680 ನ್ಯಾನೋಮೀಟರ್‌ವರೆಗೆ ಎಂಟು ಬಣ್ಣದ ಕಿಂಡಿಗಳಿವೆ. 415ರ ಕಿಂಡಿ ನಮ್ಮ ಹಳದಿ ಅಣುವಿಗಾಗಿಯೇ ಮಾಡಿದ ಹಾಗಿದೆ. ಬೆಳಕಿಗೆ 405 ನ್ಯಾನೋಮೀಟರ್ ನೇರಳೆ ಎಲ್‌ಇಡಿ ಒಂದು, 630ರ ಕೆಂಪು ಎಲ್‌ಇಡಿ ಒಂದು. ಬಿಳಿ ಎಲ್‌ಇಡಿ ಪ್ರಯೋಜನವಿಲ್ಲ, ಅದರಲ್ಲಿ ನೇರಳೆ ಇಲ್ಲವೆನ್ನುವಷ್ಟು ಕಡಿಮೆ. ಸೆನ್ಸರ್ ಕೂರಿಸಿದ ಬೋರ್ಡ್‌ಗೆ 3.3 ವೋಲ್ಟ್, ಅಂಕಿ ಸಾಗಿಸಲು ಐಸ್ಕ್ವೇರ್‌ಸಿ ತಂತಿ ಎರಡು, ಹಿಂದೆ ಒಂದು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್. ವೈರಿಂಗ್ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಪೆಟ್ಟಿಗೆಯೇ ಮುಖ್ಯ. ಪಿವಿಸಿ ಪೈಪಿನ ತುಂಡಿಗೆ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದೆ. ಸೆನ್ಸರ್ ಬಿಲ್ಲೆಯನ್ನು ನೇರ ಮೇಲಿನಿಂದ ನೋಡುತ್ತದೆ, ಎಲ್‌ಇಡಿಗಳು 45 ಡಿಗ್ರಿ ಓರೆಯಲ್ಲಿವೆ. ಹೀಗಿಟ್ಟರೆ ಮೇಲ್ಮೈಯ ಥಳಕು ಸೆನ್ಸರ್ ಕಣ್ಣಿಗೆ ಬೀಳುವುದಿಲ್ಲ. ಬಿಳಿಯ ಆಧಾರಕ್ಕೆ ಅದೇ ಟೆಫ್ಲಾನ್ ಟೇಪನ್ನು ಹತ್ತಾರು ಪದರ ಸುತ್ತಿದ ದಪ್ಪ ಗಟ್ಟಿ. ಪ್ರತಿ ಬಿಲ್ಲೆಗೂ ಮೊದಲು ಅದನ್ನು ಓದಿ, ಆಮೇಲೆ ಬಿಲ್ಲೆ ಓದಿ, ಭಾಗಿಸುತ್ತೇನೆ. ಎಲ್‌ಇಡಿ ಬಿಸಿಯಾಗಿ ಮಂಕಾದರೂ ಲೆಕ್ಕ ಕೆಡುವುದಿಲ್ಲ. ಕೆಂಪಿನ ಓದು ಬದಲಾಗಿದ್ದರೆ ಬಿಲ್ಲೆಯ ಮೇಲೆ ಮಸಿಯೋ ದೂಳೋ ಕೂತಿದೆ ಅಂತ ತಿಳಿಯುತ್ತದೆ.

ಪುಡಿಯ ಪದರದಲ್ಲಿ ಬೆಳಕು ನೇರ ಹೋಗುವುದಿಲ್ಲ, ಕಣದಿಂದ ಕಣಕ್ಕೆ ಅಲೆಯುತ್ತದೆ. ಹಾಗಾಗಿ ದ್ರಾವಣಕ್ಕೆ ಬಳಸುವ ಸೂತ್ರ ಇಲ್ಲಿ ನೇರ ಗೆರೆ ಕೊಡದು. ಕುಬೆಲ್ಕಾ ಮತ್ತು ಮುಂಕ್ 1931ರಲ್ಲಿ ಕೊಟ್ಟ ಸೂತ್ರ ಸರಿಹೊಂದುತ್ತದೆ: ಒಂದರಿಂದ ಪ್ರತಿಫಲನದ ಪ್ರಮಾಣ ಕಳೆದು ವರ್ಗ ಮಾಡಿ, ಅದನ್ನು ಪ್ರತಿಫಲನದ ಎರಡರಷ್ಟರಿಂದ ಭಾಗಿಸಬೇಕು. ಬರುವ ಅಂಕಿ ಹಳದಿ ಅಣುವಿನ ಪ್ರಮಾಣದ ಜೊತೆ ಹೆಚ್ಚುಕಡಿಮೆ ನೇರವಾಗಿ ಏರುತ್ತದೆ.

ಅಳತೆಗೋಲು ಕಟ್ಟುವುದು

ಎಷ್ಟು ಹಳದಿಗೆ ಎಷ್ಟು ಫಾರ್ಮಾಲ್ಡಿಹೈಡ್ ಅಂತ ತಿಳಿಯಲು ಗೊತ್ತಿರುವ ಪ್ರಮಾಣದ ಫಾರ್ಮಾಲ್ಡಿಹೈಡ್ ಬೇಕು. ಅದಕ್ಕೆಂದು ಫಾರ್ಮಾಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಬಾಟಲಿ ಮನೆಗೆ ತರಬೇಡಿ. ಅದರ ಬದಲು ಹೆಕ್ಸಮೀನ್ ಅನ್ನುವ ಬಿಳಿ ಪುಡಿ ಇದೆ. ಮಂದ ಸಲ್ಫ್ಯೂರಿಕ್ ಆಮ್ಲದಲ್ಲಿ ಬಿಸಿ ಮಾಡಿದರೆ ಒಂದೊಂದು ಅಣುವೂ ಒಡೆದು ಆರು ಫಾರ್ಮಾಲ್ಡಿಹೈಡ್ ಕೊಡುತ್ತದೆ. ತೂಕದ ಲೆಕ್ಕದಲ್ಲಿ 1 ಗ್ರಾಂ ಹೆಕ್ಸಮೀನ್‌ಗೆ 1.285 ಗ್ರಾಂ. 77.8 ಮಿಲಿಗ್ರಾಂ ತೂಗಿ 100 ಮಿಲಿಲೀಟರ್ ಮಾಡಿದರೆ ಮಿಲಿಲೀಟರ್‌ಗೆ ಸರಿಯಾಗಿ 1 ಮಿಲಿಗ್ರಾಂ. ಅದನ್ನು ಹತ್ತು ಪಟ್ಟು ತೆಳು ಮಾಡಿದರೆ 5 ಮೈಕ್ರೋಲೀಟರ್‌ನಲ್ಲಿ 0.5 ಮೈಕ್ರೋಗ್ರಾಂ. ಈ ಕೆಲಸ ಗೆಳೆಯರ ಲ್ಯಾಬ್‌ನಲ್ಲೇ, ಮುಚ್ಚಳ ಬಿಗಿದ ಬಾಟಲಿ ಬಿಸಿನೀರಿನಲ್ಲಿಟ್ಟು ಮಾಡಿದೆವು.

20 ಲೀಟರ್ ನೀರಿನ ಕ್ಯಾನ್‌ನೊಳಗೆ ಅನಿಲ ಬಿಟ್ಟು ಪರೀಕ್ಷಿಸುವ ಆಲೋಚನೆಯೂ ಬಂದಿತ್ತು. ಲೆಕ್ಕ ಹಾಕಿದಾಗಲೇ ಅದು ಬಿದ್ದುಹೋಯಿತು. ಮಿತಿಯ ಮಟ್ಟದಲ್ಲಿ ಇಡೀ ಕ್ಯಾನ್‌ನಲ್ಲಿ ಇರುವುದೇ 2 ಮೈಕ್ರೋಗ್ರಾಂ. ಬಿಲ್ಲೆಯೊಂದೇ ದಿನಕ್ಕೆ ಅದರ ದೊಡ್ಡ ಪಾಲು ತಿಂದುಬಿಡುತ್ತದೆ, ಉಳಿದದ್ದು ಗೋಡೆಗೆ ಅಂಟುತ್ತದೆ. ಹಾಗಾಗಿ ಗೊತ್ತಿರುವ ಪ್ರಮಾಣದ ಹನಿಯನ್ನೇ ಬಿಲ್ಲೆಗೆ ಬಿಟ್ಟು ಗೆರೆ ಎಳೆದೆ. ಕೋಣೆಯ ಉಷ್ಣತೆಯಲ್ಲಿ ಬಣ್ಣ ನಿಧಾನಕ್ಕೆ ಏರುತ್ತದೆ. ಒಂದು ರಾತ್ರಿ ಕಾದು ಓದುವುದು ಒಳ್ಳೆಯದು.

ತೀರ ಕಡಿಮೆ ಪ್ರಮಾಣದಲ್ಲಿ ಇನ್ನೊಂದು ಸೊಗಸು ಕಂಡಿತು. ಹಳದಿ ಅಣು ನೇರಳೆ ಬೆಳಕು ಹೀರಿ ಹಸಿರಾಗಿ ಹೊಳೆಯುತ್ತದೆ. ನೇರಳೆ ಎಲ್‌ಇಡಿ ಮಾತ್ರ ಹಚ್ಚಿ 515ರ ಕಿಂಡಿ ನೋಡಿದರೆ, ಹಳದಿ ಇನ್ನೂ ಕಣ್ಣಿಗೆ ಕಾಣದಿರುವಾಗಲೇ ಅಂಕಿ ಏಳುತ್ತದೆ. ಬಿಲ್ಲೆಯ ಕೆಳಗೆ ಪ್ರಿಂಟರ್ ಕಾಗದ ಇಟ್ಟರೆ ಮಾತ್ರ ಇದು ಹಾಳು. ಆ ಕಾಗದಕ್ಕೆ ಬೆರೆಸಿದ ಬಿಳುಪಿನ ಪುಡಿಯೂ ನೇರಳೆಗೆ ಹೊಳೆಯುತ್ತದೆ.

ಮನೆಯಲ್ಲಿ ಕಂಡದ್ದು

ಪ್ರತಿ ಜಾಗಕ್ಕೂ ಮೂರು ಬಿಲ್ಲೆ. ಒಂದು ತೆರೆದದ್ದು. ಎರಡನೆಯದು ಅದರ ಜೊತೆಗೇ ಮುಚ್ಚಳ ಬಿಗಿದು ಇಟ್ಟದ್ದು. ಮೂರನೆಯದು ರಾಸಾಯನಿಕವಿಲ್ಲದ ಬರೀ ಸಿಲಿಕಾ, ಬಾಯಿ ತೆರೆದು ಇಟ್ಟದ್ದು. ಮೂರನೆಯದು ಯಾಕೆ ಬೇಕು ಅಂತ ದೇವರ ಗೂಡು ತೋರಿಸಿಕೊಟ್ಟಿತು. ಊದಿನಕಡ್ಡಿ ಹೊಗೆಯಲ್ಲಿ ನಿಜವಾಗಿ ಫಾರ್ಮಾಲ್ಡಿಹೈಡ್ ಇದೆ, ಬೆಂಜೀನ್ ಕೂಡ ಇದೆ. ಆದರೆ ಹೊಗೆಯ ಕಂದು ಜಿಡ್ಡೂ ಬಿಲ್ಲೆಗೆ ಸ್ವಲ್ಪ ಸೇರುತ್ತದೆ. ಬರೀ ಸಿಲಿಕಾ ಬಿಲ್ಲೆಯ ಕಂದನ್ನು ಕಳೆದ ಮೇಲೂ ಹಳದಿ ಉಳಿಯಿತು. ಅಂದಿನಿಂದ ಮನೆಯಲ್ಲಿ ಊದಿನಕಡ್ಡಿ ಹಚ್ಚುವಾಗ ಕಿಟಕಿ ತೆಗೆದಿರುತ್ತದೆ.

ಬಾಲ್ಕನಿಯ ಬಿಲ್ಲೆಗೂ ಮುಚ್ಚಿಟ್ಟ ಬಿಲ್ಲೆಗೂ ವ್ಯತ್ಯಾಸ ಹೇಳಲಾಗಲಿಲ್ಲ. ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಮಿತಿಯ ಅರ್ಧದ ಆಸುಪಾಸು. ವಾರ್ಡ್‌ರೋಬ್‌ನ ಮುಚ್ಚಿದ ಡ್ರಾಯರ್ ಒಳಗೆ ಮಿತಿಯ ಎರಡರಷ್ಟನ್ನು ದಾಟಿತು. ನಿಜವಾದ ಪ್ರಮಾಣ ಅದಕ್ಕಿಂತಲೂ ಹೆಚ್ಚಿರಬೇಕು. ಡ್ರಾಯರ್‌ನಲ್ಲಿ ಗಾಳಿ ಪೂರ್ತಿ ನಿಂತಿರುವುದರಿಂದ ಶೀಶೆಯ ಬಾಯಿಯ ಆಚೆಗೂ ಅಲುಗದ ಗಾಳಿ ಇರುತ್ತದೆ. ಅಂದರೆ ಕಂಬ ಲೆಕ್ಕಕ್ಕಿಂತ ಉದ್ದ, ಬಿಲ್ಲೆಗೆ ಸಿಗುವುದು ಕಡಿಮೆ. ಇನ್ನೊಂದು ಮಾತು: ನನ್ನ ಬಿಲ್ಲೆ ಕೊಡುವುದು ಇಡೀ ದಿನದ ಸರಾಸರಿ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅರ್ಧ ಗಂಟೆಯದು. ಬಾಗಿಲು ಮುಚ್ಚಿ ಮಧ್ಯಾಹ್ನದ ಸೆಖೆಗೆ ಏರಿದ ಶಿಖರ ಸರಾಸರಿಯಲ್ಲಿ ಅಡಗಿಬಿಡುತ್ತದೆ. ಬಿಲ್ಲೆ ಮಿತಿಯೊಳಗಿದೆ ಅಂದ ಮಾತ್ರಕ್ಕೆ ಕೋಣೆಯನ್ನು ಮಧ್ಯಾಹ್ನವಿಡೀ ಮುಚ್ಚಿಡಬೇಡಿ.

ಡ್ರಾಯರ್ ಯಾಕೆ ಅಷ್ಟು ಕೆಟ್ಟದಾಗಿತ್ತು ಅಂತ ಬಿಚ್ಚಿ ನೋಡಿದರೆ, ಮುಂದೆ ಮೈಕಾ ಅಂಟಿಸಿದ ಹಲಗೆಯ ಹಿಂಬದಿ, ಅಡಿಭಾಗ, ಕೊಯ್ದ ಅಂಚು ಎಲ್ಲ ಬರಿಮೈ. ಅಂಚಿನಲ್ಲಿ ಅಂಟಿನ ಪದರಗಳು ನೇರ ಗಾಳಿಗೆ ತೆರೆದಿರುತ್ತವೆ, ಅನಿಲ ಅಲ್ಲಿಂದಲೇ ಹೆಚ್ಚು ಬರುತ್ತದೆ. ಕಾರ್ಪೆಂಟರ್ ಅವರನ್ನು ಕರೆಸಿ ಅಂಚಿಗೆಲ್ಲ ಎಡ್ಜ್ ಬ್ಯಾಂಡ್ ಹಾಕಿಸಿ, ಹಿಂಬದಿಗೂ ಮೈಕಾ ಅಂಟಿಸಿದೆವು. ಅದರ ಅಂಟಿನ ವಾಸನೆ ಹೋದ ಮೇಲೆ ಇಟ್ಟ ಬಿಲ್ಲೆ ಮೊದಲಿಗಿಂತ ಸ್ಪಷ್ಟವಾಗಿ ತಿಳಿಯಾಗಿತ್ತು, ಅರ್ಧಕ್ಕಿಂತ ಕೆಳಗೆ. ಹೊಸ ಮನೆ ಕಟ್ಟಿಸುವವರು ಕಾರ್ಪೆಂಟರ್ ಹತ್ತಿರ ಮೊದಲೇ ಹೇಳಿ ಇದನ್ನು ಮಾಡಿಸಿದರೆ ಖರ್ಚು ಹೆಚ್ಚೇನೂ ಆಗದು.

ಲೋಹ ಮತ್ತು ಸಾವಯವ ಅಣು ಸೇರಿ ಆದ, ತೂತು ತುಂಬಿದ ಮಾಫ್ ಬಳಸಬಾರದಾ ಅಂತ ಈಗ ಹಲವರು ಕೇಳುತ್ತಾರೆ. ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಆ ಲೋಹ-ಸಾವಯವ ಚೌಕಟ್ಟುಗಳಿಗೇ. ಅದರಲ್ಲಿ ಜಿಫ್-8 ಅನ್ನುವುದನ್ನು ಕೋಣೆಯ ಉಷ್ಣತೆಯಲ್ಲೇ ಮಾಡಬಹುದು, ನನಗೂ ಆಸೆ ಇದೆ. ಆದರೆ ಅದರ ತೂತಿನ ಬಾಯಿ 0.34 ನ್ಯಾನೋಮೀಟರ್. ಫಾರ್ಮಾಲ್ಡಿಹೈಡ್ ನುಸುಳುತ್ತದೆ, ಬೆಂಜಾಯಿಲ್ ಅಸಿಟೋನ್ ನುಸುಳುವುದು ಕಷ್ಟ. ಬಣ್ಣ ಕೊಡುವವನೇ ಹೊರಗೆ ಉಳಿದರೆ ಈ ಬ್ಯಾಡ್ಜ್‌ಗೆ ಉಪಯೋಗವಿಲ್ಲ. ಈ ಕೆಲಸಕ್ಕೆ 6 ನ್ಯಾನೋಮೀಟರ್‌ನ ಹಳೆಯ ಸಿಲಿಕಾನೇ ಸರಿ.

ಇನ್ನೂ ಬಗೆಹರಿಯದ್ದು ತೇವ. ಅಮೋನಿಯಂ ಅಸಿಟೇಟ್ ನೀರು ಎಳೆದುಕೊಳ್ಳುವ ಉಪ್ಪು. ಮಳೆಗಾಲದಲ್ಲಿ ಬಿಲ್ಲೆ ಒದ್ದೆಯಾಗಿ ಬೆಳಕನ್ನು ಕಡಿಮೆ ಚದುರಿಸುತ್ತದೆ, ಆಗ ಕೆಂಪಿನ ಓದೂ ಕುಸಿಯುತ್ತದೆ. ಬೇಸಿಗೆಯಲ್ಲಿ ತೀರ ಒಣಗಿ ಪ್ರತಿಕ್ರಿಯೆಯೇ ಮಂದವಾಗುತ್ತದೆ. ಈಗ ಪಾಕಕ್ಕೆ ಚೂರು ಗ್ಲಿಸರಿನ್ ಸೇರಿಸಿ ನೋಡುತ್ತಿದ್ದೇನೆ. ಓದುವ ಮುಂಚೆ ಎಲ್ಲ ಬಿಲ್ಲೆಗಳನ್ನೂ ಉಪ್ಪಿನ ಗಟ್ಟಿ ದ್ರಾವಣ ಇರುವ ಡಬ್ಬಿಯಲ್ಲಿ ಒಂದು ಗಂಟೆ ಇಡುತ್ತೇನೆ. ಅಡುಗೆ ಉಪ್ಪು ಕರಗದೆ ಉಳಿಯುವಷ್ಟು ಹಾಕಿದ ನೀರಿನ ಮೇಲೆ ಗಾಳಿಯ ತೇವ 75 ಶೇಕಡಾದಲ್ಲಿ ನಿಲ್ಲುತ್ತದೆ, ಎಲ್ಲ ಬಿಲ್ಲೆಗಳಿಗೂ ಒಂದೇ ತೇವ ಸಿಗುತ್ತದೆ. ಮಾಡಿಟ್ಟ ಬಿಲ್ಲೆ ಫಾಯಿಲ್ ಚೀಲದಲ್ಲಿ, ಫ್ರಿಜ್‌ನಲ್ಲಿ ಇರಬೇಕು. ಹೊರಗಿಟ್ಟರೆ ತಾನಾಗಿಯೇ ಸ್ವಲ್ಪ ಹಳದಿಯಾಗುತ್ತದೆ. ಹಾಗಾಗಿ ಪ್ರತಿ ಸಲ ಹೊಸ ಪಾಕ ಮಾಡಿದಾಗ ಅಳತೆಗೋಲನ್ನೂ ಹೊಸದಾಗಿ ಕಟ್ಟಬೇಕು, ಹಳೆಯ ಗೆರೆ ನಡೆಯುವುದಿಲ್ಲ.